ಜೋಡಿದ್ವೀಪದ ನೀರಿನಲ್ಲಿ ಅಕ್ಕನ ಈಟಿ

ಹಳೇ ಹಳ್ಳಿ, ಓಜಿಬ್ವೆ ಮೀಸಲು ನೆಲ,
ಉತ್ತರ ವಿಸ್ಕಾನ್ಸಿನ್
22 ಮಾರ್ಚ್ 1987

ಪ್ರೀತಿಯ ತಂಗಿ ಲೋರೇನ್‌ಗೆ,

ನಿನ್ನೆ ಅಂಗಡಿಗೆ ಹೋಗಿ ನಿಮ್ಮ ಮೋಟೆಲಿಗೆ ಫೋನ್ ಮಾಡಿದ್ದೆ. ನಿನ್ನ ಗಂಡ ಎತ್ತಿಕೊಂಡ. "ಯಾರು?" ಅಂದ. "ನಾನಪ್ಪ, ಜೊಸೆಟ್" ಅಂದೆ. "ಅವಳು ಕೆಲಸದಲ್ಲಿದ್ದಾಳೆ" ಅಂದವನೇ ಇಟ್ಟುಬಿಟ್ಟ. ನನ್ನ ಹಿಂದೆ ಫೋನಿಗೆ ಕಾದು ನಿಂತಿದ್ದ ಮುದುಕಿಗೆ ಮಾತ್ರ ಬಹಳ ಸಂತೋಷವಾಯಿತು. ನಮ್ಮಿಬ್ಬರ ನಡುವೆ ಇರುವುದು ಒಂದು ಗಂಟೆಯ ದಾರಿ. ಆದರೂ ಕಾಗದವೇ ವಾಸಿ ಅನ್ನಿಸಿತು.

ನಿನ್ನ ಭಾವ ವಿಲ್ಫ್ರೆಡ್ ತೀರಿಹೋದ ಮೇಲೆ ಇದು ಎರಡನೇ ಚಳಿಗಾಲ. ಮನೆಯೊಳಗೆ ರೇಡಿಯೋ ಇದ್ದರೂ ನಾನು ಹೊರಗೆ ಹೋಗಿ ಅವನ ಟ್ರಕ್ಕಿನಲ್ಲಿ ಕೂತು ಅದರ ರೇಡಿಯೋ ಕೇಳುತ್ತೇನೆ. ಡ್ರೈವರ್ ಸೀಟಿನಲ್ಲಿ ಅಲ್ಲ, ನಾನು ಯಾವಾಗಲೂ ಕೂರುತ್ತಿದ್ದ ಕಡೆ. ಹಗಲೆಲ್ಲ ಮರಿಮೀನು ಸಾಕುವ ಕೇಂದ್ರದಲ್ಲಿ ತೊಟ್ಟಿ ತೊಳೆಯುವ ಕೆಲಸ ಇದೆ, ಹೊತ್ತು ಹೋಗುತ್ತದೆ. ಸಂಜೆಯದೇ ಕಷ್ಟ.

ಒಂದು ವಿಷಯ ನಿನಗೆ ಮೊದಲು ಹೇಳಬೇಕು. ಈ ವಸಂತದಲ್ಲಿ ಕೆರೆಯ ಮಂಜುಗಡ್ಡೆ ಒಡೆದ ಮೇಲೆ ನಾನು ಈಟಿ ಹಿಡಿದು ಮೀನಿಗೆ ಹೋಗುತ್ತೇನೆ. ವಿಲ್ಫ್ರೆಡ್ ಬದುಕಿನುದ್ದಕ್ಕೂ ಮೀಸಲು ಗಡಿಯಾಚೆ ಕಳ್ಳನ ಹಾಗೆ ಮೀನು ಹಿಡಿದ. ಎರಡು ಸಲ ದೋಣಿ ಕಳೆದುಕೊಂಡ, ಒಂದು ಸಲ ಜೈಲಿನಲ್ಲಿ ಮಲಗಿದ. ಕಾಡನ್ನೆಲ್ಲ ಸರ್ಕಾರಕ್ಕೆ ಬರೆದುಕೊಟ್ಟಾಗಲೂ ಮೀನು, ಬೇಟೆ, ಕಾಡಕ್ಕಿ ಇವು ನಮಗೇ ಇರಲಿ ಎಂದು ಹಿರಿಯರು ಒಪ್ಪಂದದಲ್ಲಿ ಉಳಿಸಿಕೊಂಡಿದ್ದರು. ಆ ಮಾತು ಇನ್ನೂ ಜೀವಂತವಾಗಿದೆ ಎಂದು ನ್ಯಾಯಾಲಯ ಒಪ್ಪುವ ಹೊತ್ತಿಗೆ ಅವನ ಎದೆ ಸೋತಿತ್ತು. ತಲೆಯೆತ್ತಿಕೊಂಡು ಒಂದೇ ಒಂದು ವಸಂತ ಹೋಗಿಬಂದ. ಅವನ ದೋಣಿ ಸುಮ್ಮನೆ ಬಿದ್ದಿರುವುದನ್ನು ನನ್ನಿಂದ ನೋಡಲಾಗುವುದಿಲ್ಲ.

ಮೈದುನ ಆಂಬ್ರೋಸ್ ಮೋಟಾರು ನಡೆಸುತ್ತಾನೆ. ನನ್ನ ಮಾತು ಕೇಳಿ ನಕ್ಕ. "ಹೆಂಗಸ್ರು ಈಟಿ ಹಿಡಿದ್ರೆ ಮೀನು ನಗ್ತವೆ ಅತ್ತಿಗೆ" ಅಂದ. "ನಗಲಿ ಬಿಡೋ, ಬಾಯ್ತೆರೆದ ಮೀನು ಹೊಡೆಯೋದು ಸುಲಭ" ಅಂದೆ.

ಮೇ ತಿಂಗಳ ಮೊದಲ ಶನಿವಾರ ವಿಲ್ಫ್ರೆಡ್ ಹೆಸರಿನಲ್ಲಿ ಊಟ ಇಟ್ಟುಕೊಂಡಿದ್ದೇನೆ. ಟ್ರೇಸಿಯನ್ನೂ ಕರೆದುಕೊಂಡು ಬಾ. ಅವಳಿಗೀಗ ಹತ್ತಾಯಿತಲ್ಲ? ದೊಡ್ಡಮ್ಮನ ಮುಖ ಮರೆತುಬಿಟ್ಟಾಳು.

ನಿನ್ನ ಅಕ್ಕ
ಜೊಸೆಟ್


ಜೋಡಿದ್ವೀಪದ ಸರೋವರ
6 ಏಪ್ರಿಲ್ 1987

ಅಕ್ಕಾ,

ಕಾಗದ ತಲುಪಿತು. ಕಾರ್ಲ್ ವಿಷಯಕ್ಕೆ ಬೇಜಾರು ಮಾಡಿಕೊಳ್ಳಬೇಡ. ಚಳಿಗೆ ಮೂರು ಕೋಣೆಗಳ ನೀರಿನ ಪೈಪು ಒಡೆದಿತ್ತು, ಆ ತಲೆಬಿಸಿ. ಈಗ ದೋಣಿಗಳಿಗೆ ಬಣ್ಣ ಹೊಡೆಯುತ್ತಿದ್ದಾನೆ. ಟ್ರೇಸಿ ಶಾಲೆಯ ನಾಟಕದಲ್ಲಿ ಮರ ಆಗಿದ್ದಳು. ಮಾತಿಲ್ಲದ ಪಾತ್ರ, ಆದರೂ ಒಂದು ತಿಂಗಳು ಅಭ್ಯಾಸ ಮಾಡಿದಳು.

ನನಗೆ ಕೆಲಸವೋ ಕೆಲಸ. ಸಂಜೆ ನಮ್ಮ ಮೋಟೆಲಿನ ಊಟದ ಕೋಣೆಯಲ್ಲಿ ಊರಿನವರ ಸಭೆ ಏನಾದರೂ ಇರುತ್ತದೆ. ಕಾಫಿ ಕಾಸಿ ಕಾಸಿ ಸಾಕಾಗುತ್ತದೆ.

ನೀನು ಯಾಕಕ್ಕಾ ಈ ವಯಸ್ಸಿನಲ್ಲಿ ಈಟಿ ಹಿಡಿಯುತ್ತೀಯ? ಮಂಡಿ ನೋವಿನವಳು ಅಲ್ಲಾಡುವ ದೋಣಿಯಲ್ಲಿ ನಿಲ್ಲುತ್ತೀಯಾ? ಆಂಬ್ರೋಸ್ ಹೋಗಲಿ, ಗಂಡಸರು ಹೋಗಲಿ. ಈಗೀಗ ಜನರ ಮನಸ್ಸು ಸರಿ ಇಲ್ಲ. ಯಾರೋ ಏನೋ ಅಂದರೆ ನಿನಗೆ ಬೇಕಾ?

ಊಟಕ್ಕೆ ಬರುವುದು ಕಷ್ಟ. ಅವತ್ತೇ ಪ್ರವಾಸಿಗಳ ಗಾಳದ ಋತು ಶುರು. ಎಲ್ಲ ಕೋಣೆಗಳೂ ತುಂಬಿರುತ್ತವೆ. ವಿಲ್ಫ್ರೆಡ್ ಭಾವನಿಗೆ ಒಂದು ತಟ್ಟೆ ನನ್ನ ಲೆಕ್ಕದಲ್ಲೂ ಇಡು.

ಲೋರೇನ್


ಹಳೇ ಹಳ್ಳಿ
30 ಏಪ್ರಿಲ್ 1987

ಪ್ರೀತಿಯ ಲೋರೇನ್,

ಹೋಗಿಬಂದೆ! ನಿಮ್ಮ ಕಡೆಯದಲ್ಲ, ಪಶ್ಚಿಮಕ್ಕಿರುವ ಸಣ್ಣ ಕೆರೆ. ಹೊತ್ತು ಮುಳುಗಿದ ಮೇಲೆ ದೋಣಿ ಇಳಿಸಿದೆವು. ಆಂಬ್ರೋಸ್ ನೀರಿಗೆ ಹೊಗೆಸೊಪ್ಪು ಬಿಟ್ಟು ಹಿರಿಯರನ್ನು ನೆನೆದ. ನನ್ನ ತಲೆಗೆ ದೀಪ ಕಟ್ಟಿದ್ದರು, ಅದರ ತಂತಿ ಕಾರಿನ ಬ್ಯಾಟರಿಗೆ. ದಡದ ಕಲ್ಲುಗಳ ಮೇಲೆ, ಮಂಡಿಯುದ್ದದ ನೀರಿನಲ್ಲಿ ಓಗಾ ಮೀನುಗಳು ಮೊಟ್ಟೆಯಿಡಲು ಬಂದಿದ್ದವು. ಬೆಳಕು ಬಿದ್ದದ್ದೇ ಅವುಗಳ ಕಣ್ಣು ಕೆಂಡದ ಹಾಗೆ ಹೊಳೆದವು. ಇಷ್ಟು ವರ್ಷ ವಿಲ್ಫ್ರೆಡ್ ಮನೆಗೆ ಬಂದು ಒದ್ದೆ ಬಟ್ಟೆಯಲ್ಲಿ ಸುಮ್ಮನೆ ಕೂತಿರುತ್ತಿದ್ದ. ಏನು ಯೋಚನೆ ಎಂದು ಕೇಳಿದರೆ ಹೇಳುತ್ತಿರಲಿಲ್ಲ. ಅವನು ನೋಡಿ ಬರುತ್ತಿದ್ದದ್ದು ಇದನ್ನು.

ಮೊದಲ ಏಟು ಕಲ್ಲಿಗೆ. ಎರಡನೆಯದೂ ಕಲ್ಲಿಗೆ. "ಕೆರೆ ತಳ ತೂತು ಮಾಡ್ಬೇಡಿ ಅತ್ತಿಗೆ, ನೀರೆಲ್ಲ ಸೋರಿ ಹೋದೀತು" ಅಂದ ಆಂಬ್ರೋಸ್. ಮೂರನೆಯದಕ್ಕೆ ಮೀನು ಬಂತು. ನನಗೆ ಅಳು ಬಂತು. ಬೆಳಕು ನನ್ನ ತಲೆಯ ಮೇಲೇ ಇದ್ದದ್ದರಿಂದ ಮುಖ ಯಾರಿಗೂ ಕಾಣಲಿಲ್ಲ.

ಎಷ್ಟು ಹಿಡಿಯಬೇಕೆಂದು ಮೊದಲೇ ಬರೆದುಕೊಡುತ್ತಾರೆ. ದಡಕ್ಕೆ ಬಂದಾಗ ಕಾವಲಿನವರು ಒಂದೊಂದನ್ನೂ ಅಳೆದು ಎಣಿಸುತ್ತಾರೆ. ಹೆಣ್ಣುಮೀನಿನ ಮೊಟ್ಟೆ ನಾವು ಕೇಂದ್ರಕ್ಕೆ ತಂದು ಮರಿ ಮಾಡಿಸಿ ಮತ್ತೆ ಕೆರೆಗೇ ಬಿಡುತ್ತೇವೆ.

ದಡದಲ್ಲಿ ಒಂದಿಷ್ಟು ಜನ ಸೇರಿದ್ದರು. ಕೂಗಾಡಿದರು. "ನಿಮ್ಮೂರಿಗೆ ಹೋಗ್ರಿ" ಅಂದರು. ಆಂಬ್ರೋಸ್ ಬಹಳ ಮರ್ಯಾದೆಯಿಂದ "ಇದೇ ನಮ್ಮೂರು ಕಣ್ರಪ್ಪಾ, ಇನ್ನೆಲ್ಲಿಗೆ ಹೋಗೋದು?" ಅಂದ. ಚಿಂತೆ ಮಾಡುವಂಥದ್ದೇನಿಲ್ಲ.

ನರ್ಸ್ ಬರ್ನಡೆಟ್ ನಿಮ್ಮ ಊರಿಗೆ ಬರುವವಳಿದ್ದಾಳೆ. ಹೊಗೆಯಲ್ಲಿ ಒಣಗಿಸಿದ ಮೀನು ಕಳಿಸುತ್ತಿದ್ದೇನೆ. ಮೂವರೂ ತಿನ್ನಿ.

ಜೊಸೆಟ್


ಜೋಡಿದ್ವೀಪದ ಸರೋವರ
14 ಜೂನ್ 1987

ಅಕ್ಕಾ,

ಉತ್ತರ ತಡವಾಯಿತು. ಮೀನು ಬಂತು. ಬಹಳ ಚೆನ್ನಾಗಿತ್ತು, ಅಮ್ಮ ಮಾಡುತ್ತಿದ್ದ ಹಾಗೇ ಇತ್ತು. ನಗಬೇಡ, ಅದನ್ನೆಲ್ಲ ನಾನೊಬ್ಬಳೇ ಬಟ್ಟೆ ಒಗೆಯುವ ಕೋಣೆಯಲ್ಲಿ ನಿಂತುಕೊಂಡು ತಿಂದೆ. ಹೊಗೆಯ ವಾಸನೆ ಮನೆಯೊಳಗೆ ಹರಡದಿರಲಿ ಎಂದು ಸೋಪು ಹಾಕಿ ಒಗೆಯುವ ಯಂತ್ರ ತಿರುಗಿಸಿ, ಕಿಟಕಿ ತೆರೆದು, ಕಳ್ಳ ಬೆಕ್ಕಿನ ಹಾಗೆ ತಿಂದೆ. ಆಮೇಲೆ ಬೆರಳನ್ನೂ ನೆಕ್ಕಿದೆ.

ಈ ವರ್ಷ ಜನ ಕಡಿಮೆ. ಯಾಕೆ ಎಂದು ಎಲ್ಲರೂ ಒಂದೊಂದು ಹೇಳುತ್ತಾರೆ.

ಮಂಡಿ ಹೇಗಿದೆ?

ಲೋರೇನ್


ಹಳೇ ಹಳ್ಳಿ
19 ಸೆಪ್ಟೆಂಬರ್ 1987

ಲೋರೇನ್,

ನಗಬೇಡ ಎಂದು ನೀನು ಬರೆದಿದ್ದೆ. ನಗು ಬರಲಿಲ್ಲ. ನಮ್ಮ ಮೀನನ್ನು ನಿನ್ನ ಗಂಡನ ಮನೆಯಲ್ಲಿ ಮೇಜಿನ ಮೇಲೆ ಇಡಲು ಆಗುವುದಿಲ್ಲ ಎಂದಾದರೆ ಇನ್ನು ಮುಂದೆ ಕಳಿಸುವುದಿಲ್ಲ. ನಿನಗೂ ತೊಂದರೆ ಬೇಡ.

ಕಾಡಕ್ಕಿ ಕೊಯ್ಲು ಮುಗಿಯಿತು. ಮಂಡಿ ಚೆನ್ನಾಗಿದೆ.

ಜೊಸೆಟ್


ಜೋಡಿದ್ವೀಪದ ಸರೋವರ
11 ಫೆಬ್ರವರಿ 1988

ಅಕ್ಕಾ,

ಕ್ರಿಸ್‌ಮಸ್ಸಿಗೆ ನಿನ್ನ ಕಾರ್ಡು ಬರಲಿಲ್ಲ. ಮೊದಲ ಸಲ.

ನಾನು ತಮಾಷೆಗೆ ಬರೆದದ್ದನ್ನು ನೀನು ಹಾಗೆ ತೆಗೆದುಕೊಳ್ಳುತ್ತೀಯ ಅಂದುಕೊಂಡಿರಲಿಲ್ಲ. ನೀನು ಅಲ್ಲಿ ನಮ್ಮವರ ನಡುವೆ ಇದ್ದೀಯ. ಬೇಸರವಾದರೆ ಪಕ್ಕದ ಮನೆಗೆ ಹೋಗಿ ನಾಲ್ಕು ಮಾತಾಡುತ್ತೀಯ. ಇಲ್ಲಿ ಸರೋವರ ಹೆಪ್ಪುಗಟ್ಟಿದರೆ ಮುಗಿಯಿತು. ಕಾರ್ಲ್ ಮಾತಾಡುವುದು ಕಡಿಮೆಯಾಗಿದೆ.

ಹೋದ ವಾರ ಕೂದಲು ಕತ್ತರಿಸಿಕೊಳ್ಳಲು ಹೋಗಿದ್ದೆ. ಕುರ್ಚಿಯಲ್ಲಿ ನನ್ನನ್ನು ಕೂರಿಸಿಕೊಂಡೇ ಅವರೆಲ್ಲ ನಮ್ಮವರ ವಿಷಯ ತೆಗೆದರು. ಮೀನೆಲ್ಲ ಬಳಿದುಕೊಂಡು ಹೋಗುತ್ತಾರಂತೆ, ಊರು ಮುಚ್ಚಿಸುತ್ತಾರಂತೆ. ಆಮೇಲೆ ಕೂದಲು ಕತ್ತರಿಸುವವಳಿಗೆ ನಾನಿರುವುದು ನೆನಪಾಯಿತು. ಭುಜದ ಮೇಲೆ ಕೈಯಿಟ್ಟು "ನಿನ್ನ ಮಾತಲ್ಲ ಕಣೇ ಲೋರೇನ್, ನೀನು ಅವರಂಥವಳಲ್ಲ" ಅಂದಳು. ಪ್ರೀತಿಯಿಂದಲೇ ಅಂದಳು. ಕನ್ನಡಿಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನೂ ನೋಡಿಕೊಂಡೆ. "ಥ್ಯಾಂಕ್ಸ್" ಅಂದುಬಿಟ್ಟೆ ಅಕ್ಕಾ. ಯಾಕೆ ಅಂದೆನೋ.

ಬರೆ.

ಲೋರೇನ್


ಹಳೇ ಹಳ್ಳಿ
8 ಏಪ್ರಿಲ್ 1989

ಲೋರೇನ್,

ಒಂದು ವರ್ಷದ ಮೇಲಾಯಿತು. ನಿನ್ನ ಕಾಗದಕ್ಕೆ ಉತ್ತರ ಬರೆಯಲು ಎಷ್ಟೋ ಸಲ ಕೂತೆ. ಬರೆದದ್ದೆಲ್ಲ ಬೈಗುಳದ ಹಾಗೆ ಕಂಡು ಹರಿದು ಹಾಕಿದೆ. ನಿನಗೆ ಬೈಯುವ ಮನಸ್ಸು ನನಗಿರಲಿಲ್ಲ.

ಪಕ್ಕದ ಮನೆಗೆ ಹೋಗಿ ಮಾತಾಡುತ್ತೇನೆ ಎಂದುಕೊಂಡಿದ್ದೀಯ. ಪಕ್ಕದ ಮನೆಯವರು ಕೆಲಸ ಹುಡುಕಿಕೊಂಡು ಮಿಲ್ವಾಕಿಗೆ ಹೋಗಿ ಎಷ್ಟೋ ಕಾಲವಾಯಿತು. ನಾನು ಈಗಲೂ ಟ್ರಕ್ಕಿನಲ್ಲೇ ಕೂರುತ್ತೇನೆ.

ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. ಬೇರೆಯವರಿಂದ ತಿಳಿಯುವ ಮುಂಚೆ ನನ್ನಿಂದಲೇ ತಿಳಿಯಲಿ. ಈ ವಸಂತದ ಕೆರೆಗಳ ಹೆಸರನ್ನು ನಮ್ಮ ಪಂಚಾಯಿತಿ ಗೊತ್ತು ಮಾಡಿದೆ. ಜೋಡಿದ್ವೀಪವೂ ಅದರಲ್ಲಿದೆ. ಅಲ್ಲಿಗೆ ಯಾರು ಹೋಗುತ್ತೀರಿ ಎಂದಾಗ ಬಹಳ ಜನ ಹಿಂಜರಿದರು. ಆ ಊರಿನ ದಡ ಕೆಟ್ಟದ್ದು ಎಂದು ಹೆಸರಾಗಿದೆ. ನಾನು ಕೈಯೆತ್ತಿದೆ.

ನಿನ್ನ ಮೇಲಿನ ಸಿಟ್ಟಿಗಲ್ಲ. ನಮ್ಮ ಅಮ್ಮ ಹುಟ್ಟಿದ್ದು ಆ ದಡದಲ್ಲಿ, ಈಗ ನಿಮ್ಮ ದೋಣಿಗಳು ನಿಲ್ಲುವ ಕಡೆ. ಅಲ್ಲಿಂದ ಅವರನ್ನು ಎಬ್ಬಿಸಿದಾಗ ಅಮ್ಮ ತೊಟ್ಟಿಲಲ್ಲಿದ್ದಳಂತೆ. ನೀನು ಕಾರ್ಲ್‌ನನ್ನು ಮದುವೆಯಾದಾಗ ಅಮ್ಮ ಅತ್ತದ್ದು ದುಃಖಕ್ಕೆ ಎಂದು ನೀನು ತಿಳಿದಿದ್ದೆ. ಅಲ್ಲ. "ನಮ್ಮಲ್ಲಿ ಒಬ್ಬಳಾದ್ರೂ ಆ ನೀರಿನ ಹತ್ರ ಹೋದಳಲ್ಲ" ಅಂತ ನನ್ನ ಹತ್ತಿರ ಅಂದಿದ್ದಳು.

ನಾವು ಬರುವ ರಾತ್ರಿ ಬಾಗಿಲು ಹಾಕಿಕೊಂಡು ಒಳಗಿರು. ಟ್ರೇಸಿಯನ್ನೂ ಹೊರಗೆ ಬಿಡಬೇಡ.

ಜೊಸೆಟ್


ಜೋಡಿದ್ವೀಪದ ಸರೋವರ
15 ಏಪ್ರಿಲ್ 1989

ಜೊಸೆಟ್,

ಇಷ್ಟೊಂದು ಕೆರೆಗಳಿರುವ ರಾಜ್ಯದಲ್ಲಿ ನಿನಗೆ ಇದೊಂದೇ ಸಿಕ್ಕಿತೇ? ಅಮ್ಮನ ಹೆಸರು ತೆಗೆಯಬೇಡ. ಅಮ್ಮ ಬದುಕಿದ್ದರೆ ತಂಗಿಯ ಮನೆಗೆ ಬೆಂಕಿ ಹಚ್ಚಬೇಡ ಅನ್ನುತ್ತಿದ್ದಳು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಮ್ಮ ಊಟದ ಕೋಣೆಯಲ್ಲಿ ಸಭೆ ನಡೆಯುತ್ತದೆ ಎಂದು ಬರೆದಿದ್ದೆನಲ್ಲ, ಅದು ನಿಮ್ಮನ್ನು ತಡೆಯುವವರ ಸಭೆ. ಕಾರ್ಲ್ ಅದರಲ್ಲಿದ್ದಾನೆ. ನಾನು ಕಾಫಿ ಕೊಡುತ್ತೇನೆ. ನಾನು ಒಳಗೆ ಹೋದಾಗ ಮಾತು ನಿಲ್ಲುತ್ತದೆ, ಹೊರಗೆ ಬಂದಾಗ ಮತ್ತೆ ಶುರುವಾಗುತ್ತದೆ. ಅವನು ರಾಕ್ಷಸನಲ್ಲ. ಬೇಸಿಗೆಗೆಂದು ಕೋಣೆ ಕೇಳಿದ್ದವರು ಗಲಾಟೆಯ ಸುದ್ದಿ ಓದಿ ಬರುವುದಿಲ್ಲ ಅನ್ನುತ್ತಿದ್ದಾರೆ. ಮೊನ್ನೆ ಬೆಳಿಗ್ಗೆ ಕಿಟಕಿಯ ಹತ್ತಿರ ನಿಂತು "ನಮ್ಮಪ್ಪನ ಕಾಲದಿಂದ ಈ ನೀರು ನೋಡ್ಕೊಂಡು ಬಂದಿದ್ದೀವಿ. ನಂಗೇನೂ ಹಕ್ಕಿಲ್ವಾ?" ಎಂದು ಕೇಳಿದ. ನಾನು ಏನು ಹೇಳಲಿ? ನಮ್ಮಮ್ಮ ಇಲ್ಲೇ ಹುಟ್ಟಿದ್ದು ಎಂದು ಹೇಳಲೇ? ಇಷ್ಟು ವರ್ಷ ಹೇಳಿಲ್ಲ, ಇವತ್ತು ಹೇಳಿದರೆ ಅದೂ ಈಟಿಯ ಹಾಗೇ ಚುಚ್ಚುತ್ತದೆ.

ಬರಬೇಡ. ಕೈಮುಗಿದು ಕೇಳುತ್ತೇನೆ. ಬೇರೆಯವರನ್ನು ಕಳಿಸು. ನಿನ್ನ ಮೇಲೆ ಅವನು ಕೂಗುವುದನ್ನು ನಾನು ಕೇಳಿಸಿಕೊಳ್ಳಬೇಕೇ?

ಲೋರೇನ್


ಹಳೇ ಹಳ್ಳಿ
27 ಏಪ್ರಿಲ್ 1989

ಲೋರೇನ್,

ಹೋದೆವು, ಬಂದೆವು. ಎಲ್ಲರೂ ಕ್ಷೇಮ. ನೀನು ಯೋಚನೆ ಮಾಡುತ್ತಿರುತ್ತೀಯ ಎಂದು ಬರೆದೆ.

ಜೊಸೆಟ್


ಜೋಡಿದ್ವೀಪದ ಸರೋವರ
2 ಮೇ 1989

ಅಕ್ಕಾ,

ಎಲ್ಲರೂ ಕ್ಷೇಮ ಎಂದು ಸುಳ್ಳು ಬರೆಯಬೇಡ. ನಾನು ಅಲ್ಲಿದ್ದೆ.

ಬಾಗಿಲು ಹಾಕಿಕೊಂಡೇ ಕೂತಿದ್ದೆ. ಟ್ರೇಸಿಯನ್ನು ಗೆಳತಿಯ ಮನೆಗೆ ಕಳಿಸಿದ್ದೆ. ಸೂರ್ಯ ಮುಳುಗುವ ಹೊತ್ತಿಗೆ ದಡದ ಕಡೆಯಿಂದ ಸದ್ದು ಶುರುವಾಯಿತು. ಹಬ್ಬದ ದಿನ ಮೈದಾನದಿಂದ ಬರುತ್ತದಲ್ಲ, ಹಾಗೆ. ತಡೆಯಲಾಗದೆ ಕೋಟು ಹಾಕಿಕೊಂಡು ಹೋದೆ. ಅಷ್ಟು ಜನ ಈ ಊರಿನಲ್ಲಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು. ಪೊಲೀಸರು ಶಿರಸ್ತ್ರಾಣ ಹಾಕಿ ಸಾಲಾಗಿ ನಿಂತಿದ್ದರು. ಹಲಗೆಗಳ ಮೇಲೆ ಬರೆದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ನೀನು ಓದಿರುತ್ತೀಯ.

ಪಕ್ಕದಲ್ಲಿ ನಿಂತಿದ್ದವಳು ನಮ್ಮ ಬ್ರೆಡ್ ಅಂಗಡಿಯ ಹೆಂಗಸು. ನನ್ನನ್ನು ನೋಡಿ "ಬಂದ್ಯಾ? ತಗೋ" ಎಂದು ಕೈಗೆ ಒಂದು ಸೀಟಿ ಕೊಟ್ಟಳು. ಎಲ್ಲರ ಬಾಯಲ್ಲೂ ಸೀಟಿ. ನಾನು ಊದಲಿಲ್ಲ. ಬಿಸಾಡಲೂ ಇಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಂತಿದ್ದೆ.

ನಿನ್ನ ದೀಪ ಕಾಣಿಸಿತು. ನೀನು ಎಂದು ಹೇಗೆ ಗೊತ್ತಾಯಿತೆಂದರೆ ನಿನ್ನ ನಿಲುವಿನಿಂದ. ಒಂದು ಮಂಡಿ ಸ್ವಲ್ಪ ಬಾಗಿಸಿ, ಸೊಂಟಕ್ಕೆ ಕೈಯಿಟ್ಟು, ಅಡುಗೆಮನೆಯಲ್ಲಿ ನಿಂತ ಹಾಗೆ ನಿಂತಿದ್ದೆ. ಸುತ್ತಲೂ ಅವರ ದೋಣಿಗಳು ಜೋರಾಗಿ ಸುತ್ತು ಹೊಡೆದು ಅಲೆ ಎಬ್ಬಿಸುತ್ತಿದ್ದವು. ಅದರಲ್ಲೊಂದು ನಮ್ಮದು. ಅದಕ್ಕೆ ಬಣ್ಣ ಹೊಡೆಯುವಾಗ ಡಬ್ಬಿ ಹಿಡಿದುಕೊಂಡವಳು ನಾನೇ.

ನಿನ್ನ ಕಡೆಗೆ ಕಲ್ಲುಗಳು ಹಾರಿದವು. ನೀನು ತಲೆ ಹಿಡಿದುಕೊಂಡು ಕೂತೆ. ದೀಪ ನೀರಿಗೆ ಬಿತ್ತು.

ಆಗ ನಾನು "ನಿಮಿಸೆ!" ಎಂದು ಕೂಗಿದೆ. ಅಮ್ಮ ಸತ್ತ ಮೇಲೆ ಆ ಮಾತು ನನ್ನ ಬಾಯಿಂದ ಬಂದಿರಲೇ ಇಲ್ಲ. ನಿನಗೆ ಬರೆಯುವಾಗಲೂ ಅವರ ಭಾಷೆಯಲ್ಲೇ ಅಕ್ಕ ಎಂದು ಬರೆಯುತ್ತೇನೆ. ಅವತ್ತು ಅದೇ ಬಂತು, ಎಲ್ಲಿಂದಲೋ. ಮತ್ತೆ ಕೂಗಿದೆ. ಮತ್ತೆ. ನೀನು ಈ ಕಡೆ ತಿರುಗಲೇ ಇಲ್ಲ. ಆದರೆ ನನ್ನ ಸುತ್ತ ಇದ್ದವರು ತಿರುಗಿದರು. ಬ್ರೆಡ್ಡಿನ ಅಂಗಡಿಯವಳು ಒಂದು ಹೆಜ್ಜೆ ಹಿಂದೆ ಸರಿದಳು. ಸೀಟಿಯನ್ನು ಅವಳ ಕೈಗೇ ವಾಪಸು ಕೊಟ್ಟು ಮನೆಗೆ ನಡೆದುಬಂದೆ. ದಾರಿ ಬಿಟ್ಟರು.

ಕಾರ್ಲ್ ಬಂದ ಮೇಲೆ ಕೇಳಿದ, "ಊರಿನವರ ಮುಂದೆ ನನ್ನ ಮಾನ ಕಳೆದೆಯಲ್ಲ, ಯಾಕೆ?" "ಅಲ್ಲಿದ್ದದ್ದು ನನ್ನ ಅಕ್ಕ" ಅಂದೆ. "ಗೊತ್ತು" ಅಂದ. ಗೊತ್ತು ಅಂದ ಅಕ್ಕಾ. ಬೂಟಿನ ಲೇಸು ಬಿಚ್ಚುತ್ತಲೇ ಅಂದ.

ನೀನು ತಿರುಗಲಿಲ್ಲ ಏಕೆ? ನನ್ನ ಧ್ವನಿ ಎಂದು ಗೊತ್ತಾಗಿಯೂ ತಿರುಗಲಿಲ್ಲವೇ? ಅದೊಂದನ್ನು ಹೇಳು.

ಲೋರೇನ್


ಹಳೇ ಹಳ್ಳಿ
9 ಮೇ 1989

ನನ್ನ ಪುಟ್ಟ ತಂಗಿ,

ನನಗೆ ಕೇಳಿಸಲಿಲ್ಲ. ಆ ಸೀಟಿಗಳ ಸದ್ದಿನಲ್ಲಿ ದೇವರು ಕರೆದಿದ್ದರೂ ಕೇಳಿಸುತ್ತಿರಲಿಲ್ಲ. ಕಲ್ಲು ಬಿದ್ದದ್ದು ಎಡಗಿವಿಯ ಹಿಂದೆ. ಇನ್ನು ಆ ಕಿವಿ ಕೇಳುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನಿನಗೆ ಬರೆಯಲಿಲ್ಲ, ಏಕೆಂದರೆ ಕಲ್ಲು ಯಾರದೆಂದು ನೀನು ಲೆಕ್ಕ ಹಾಕಲು ಕೂರುತ್ತೀಯ. ಯಾರದೆಂದು ನನಗೂ ಗೊತ್ತಿಲ್ಲ. ಅದು ದಡದಿಂದ ಬಂತು, ದೋಣಿಗಳಿಂದ ಅಲ್ಲ. ಅಷ್ಟು ಮಾತ್ರ ನಿಜ, ನಿನ್ನ ಸಮಾಧಾನಕ್ಕೆ ಹೇಳುತ್ತಿಲ್ಲ.

ವಾಪಸು ಬರುವಾಗ ಆಂಬ್ರೋಸ್ ನನ್ನ ಬಲಗಡೆ ಬಗ್ಗಿ "ದಡದಲ್ಲಿ ಯಾರೋ ನಮ್ಮ ಮಾತಲ್ಲಿ ಅಕ್ಕನ್ನ ಕರೆದ್ರು ಅತ್ತಿಗೆ" ಅಂದ. "ಹೋಗೋ, ಆ ಊರಿನಲ್ಲಿ ನಮ್ಮ ಮಾತು ಯಾರಿಗೆ ಬರುತ್ತೆ?" ಅಂದೆ. ನೀನಿರಬಹುದು ಎಂದು ನನಗೆ ಹೊಳೆಯಲಿಲ್ಲ ಲೋರೇನ್. ನೀನು ಆ ಮಾತು ಮರೆತಿದ್ದೀಯ ಎಂದೇ ಇಷ್ಟು ವರ್ಷ ತಿಳಿದಿದ್ದೆ.

ಕಾರ್ಲ್ ವಿಷಯ ನನಗೆ ಮೊದಲ ವಸಂತದಿಂದಲೇ ಗೊತ್ತಿತ್ತು. ಆ ಪಶ್ಚಿಮದ ಕೆರೆಯ ದಡದಲ್ಲೇ ಹಲಗೆ ಹಿಡಿದು ನಿಂತಿದ್ದ. ನನ್ನನ್ನು ನೋಡಿ ಹಲಗೆಯಿಂದ ಮುಖ ಮುಚ್ಚಿಕೊಂಡ. ನೀನು ಬರೆಯಲಿಲ್ಲ, ಹಾಗಾಗಿ ನಿನಗೂ ಅದರಲ್ಲಿ ಒಪ್ಪಿಗೆಯಿದೆ ಎಂದುಕೊಂಡೆ. ಬಟ್ಟೆ ಒಗೆಯುವ ಕೋಣೆಯ ಮಾತನ್ನೂ ಹಾಗೇ ಓದಿಕೊಂಡೆ. ಈಗ ಮತ್ತೆ ಓದಿದೆ. ಹೊಗೆಯ ವಾಸನೆ ಅಡಗಿಸಲು ಖಾಲಿ ಯಂತ್ರ ತಿರುಗಿಸುತ್ತ ನಿಂತ ನನ್ನ ತಂಗಿ ಈಗ ಕಾಣಿಸಿದಳು. ಆಗ ಕಾಣಬೇಕಿತ್ತು.

ಬಾ. ಹೊರಟು ಬಾ.

ನಿಮಿಸೆ


ಡುಲೂತ್, ಮಿನಿಸೋಟ
3 ಡಿಸೆಂಬರ್ 1989

ಅಕ್ಕಾ,

ವಿಳಾಸ ನೋಡಿ ಗಾಬರಿಯಾಗಬೇಡ. ಅಕ್ಟೋಬರಿನಲ್ಲಿ ಬಂದೆ. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಸಿಕ್ಕಿದೆ. ಎಲ್ಲಿ ಹೋದರೂ ನನಗೆ ಬಟ್ಟೆಯೇ ಗಂಟುಬಿದ್ದಿದೆ.

ಜಗಳವೇನೂ ಆಗಲಿಲ್ಲ. ಬೇಸಿಗೆಯೆಲ್ಲ ಕಾರ್ಲ್ ನನ್ನ ಜೊತೆ ಮರ್ಯಾದೆಯಿಂದ ನಡೆದುಕೊಂಡ, ಕೋಣೆ ಬಾಡಿಗೆಗೆ ತೆಗೆದುಕೊಂಡವರ ಜೊತೆ ನಡೆದುಕೊಳ್ಳುವ ಹಾಗೆ. ಊರಿನಲ್ಲೂ ಹಾಗೇ. ಬ್ರೆಡ್ಡು ಕೊಡುತ್ತಿದ್ದರು, ಚಿಲ್ಲರೆಯನ್ನು ಕೈಗೆ ಕೊಡದೆ ಮೇಜಿನ ಮೇಲೆ ಇಡುತ್ತಿದ್ದರು. ಟ್ರೇಸಿಗೆ ನನ್ನ ಜೊತೆ ಬಾ ಅಂದೆ. "ನನ್ನ ಸ್ಕೂಲು, ನನ್ನ ಫ್ರೆಂಡ್ಸು ಎಲ್ಲ ಇಲ್ಲೇ ಇದ್ದಾರೆ. ನೀನ್ಯಾಕಮ್ಮ ಕೂಗ್ದೆ?" ಅಂದಳು. ಹನ್ನೆರಡು ವರ್ಷದ ಹುಡುಗಿಯನ್ನು ಎಳೆದುಕೊಂಡು ಬರಲಾಗಲಿಲ್ಲ. ಭಾನುವಾರ ಫೋನ್ ಮಾಡುತ್ತೇನೆ. ಹ್ಞೂಂ, ಉಹೂಂ ಅನ್ನುತ್ತಾಳೆ.

ನಿನ್ನ ಹತ್ತಿರ ಏಕೆ ಬರಲಿಲ್ಲ ಎಂದು ಕೇಳುತ್ತೀಯ. ಆ ಊರಿನಲ್ಲಿ "ನೀನು ಅವರಂಥವಳಲ್ಲ" ಅಂದರು. ಅಲ್ಲಿಗೆ ಬಂದರೆ "ನೀನು ನಮ್ಮಂಥವಳಲ್ಲ" ಅಂದಾರು ಎಂದು ಭಯ. ಇಲ್ಲಿ ಯಾರೂ ಏನೂ ಅನ್ನುವುದಿಲ್ಲ. ನನ್ನ ಹೆಸರೂ ಬಹಳ ಜನಕ್ಕೆ ಗೊತ್ತಿಲ್ಲ. ಕಿಟಕಿಯಿಂದ ದೊಡ್ಡ ಸರೋವರ ಕಾಣುತ್ತದೆ, ಆಚೆ ದಡವೇ ಕಾಣದಷ್ಟು ದೊಡ್ಡದು. ಅದನ್ನು ನೋಡುತ್ತ ಊಟ ಮಾಡುತ್ತೇನೆ. ಕೂತುಕೊಂಡೇ ಮಾಡುತ್ತೇನೆ.

ಲೋರೇನ್


ಹಳೇ ಹಳ್ಳಿ
14 ಡಿಸೆಂಬರ್ 1989

ಲೋರೇನ್,

"ನಮ್ಮಂಥವಳಲ್ಲ" ಅಂತಾರೆ. ಖಂಡಿತ ಅಂತಾರೆ. ಒಂದು ವಾರ ಅಂತಾರೆ. ಆಮೇಲೆ ಊಟದ ಮನೆಯಲ್ಲಿ ಪಾತ್ರೆ ತೊಳೆಯಲು ಜನ ಕಮ್ಮಿ ಬಿದ್ದಾಗ ನಿನ್ನನ್ನೇ ಮೊದಲು ಕರೀತಾರೆ.

ಬಲವಂತ ಮಾಡುವುದಿಲ್ಲ. ಟ್ರಕ್ಕಿನಲ್ಲಿ ಡ್ರೈವರ್ ಸೀಟು ಖಾಲಿ ಇದೆ ಎಂದು ಮಾತ್ರ ಹೇಳುತ್ತೇನೆ.

ಜೊಸೆಟ್


ಹಳೇ ಹಳ್ಳಿ
30 ಮಾರ್ಚ್ 1991

ಲೋರೇನ್,

ಸುದ್ದಿ ಪೇಪರಿನಲ್ಲಿ ಓದಿರುತ್ತೀಯ. ದಡದಲ್ಲಿ ನಮಗೆ ಅಡ್ಡಿ ಮಾಡಬಾರದು, ಕಲ್ಲೆಸೆಯಬಾರದು, ದೋಣಿ ಅಡ್ಡ ತರಬಾರದು ಎಂದು ನ್ಯಾಯಾಧೀಶರು ಆಜ್ಞೆ ಮಾಡಿದ್ದಾರೆ. ಪಂಚಾಯಿತಿ ಕಟ್ಟಡದಲ್ಲಿ ಡೋಲು ಬಾರಿಸಿದರು. ನನ್ನ ಪಕ್ಕದಲ್ಲಿದ್ದವರು ಕುಣಿದರು. ನಾನು ವಿಲ್ಫ್ರೆಡ್‌ಗೆ ಹೇಳೋಣವೆಂದು ಟ್ರಕ್ಕಿಗೆ ಹೋಗಿ ಕೂತೆ. ರೇಡಿಯೋದಲ್ಲಿ ಯಾರೋ ಹವಾಮಾನ ಹೇಳುತ್ತಿದ್ದ.

ಮುಂದಿನ ತಿಂಗಳು ಜೋಡಿದ್ವೀಪಕ್ಕೆ ಮತ್ತೆ ಹೋಗುತ್ತೇನೆ. ಆಂಬ್ರೋಸ್‌ಗೆ ಬೆನ್ನು ಹಿಡಿದಿದೆ, ಬರುವುದಿಲ್ಲ. ಮೋಟಾರು ನಡೆಸುವವರು ಬೇಕು. ಕಾರ್ಲ್‌ನ ದೋಣಿಗಳನ್ನು ಇಷ್ಟು ವರ್ಷ ನಡೆಸಿದವಳು ನೀನು. ಬಸ್ಸು ನಿಲ್ಲುವ ಕಡೆ ಬಂದು ಕಾಯುತ್ತೇನೆ. ಬರದಿದ್ದರೂ ಕಾಯುತ್ತೇನೆ.

ಜೊಸೆಟ್


ಡುಲೂತ್
4 ಮೇ 1991

ನಿಮಿಸೆ,

ಕ್ಷೇಮವಾಗಿ ತಲುಪಿದೆ. ಇವತ್ತು ಬೆಳಿಗ್ಗೆಯಿಂದ ಬಟ್ಟೆ ಮಡಿಸುತ್ತಿದ್ದೇನೆ, ಕೈಯಲ್ಲಿ ಇನ್ನೂ ಮೀನಿನ ವಾಸನೆ ಇದೆ. ಪಕ್ಕದವಳು ಮೂಗು ಮುಚ್ಚಿಕೊಂಡಳು. ಈ ಸಲ ನಾನು ಕಿಟಕಿ ತೆರೆಯಲಿಲ್ಲ.

ಬಸ್ಸು ಇಳಿದಾಗ ನಿನ್ನ ಕೂದಲು ಅಷ್ಟು ಬೆಳ್ಳಗಾಗಿದ್ದು ನೋಡಿ ಬ್ಯಾಗು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ನೀನು "ಏನು, ಅಕ್ಕನ ಗುರುತು ಸಿಗ್ಲಿಲ್ವಾ? ಬಾ, ಬಲಗಡೆಗೆ ಬಾ, ಆ ಕಡೆ ಮಾತಾಡಿದ್ರೆ ಗೋಡೆಗೆ ಹೇಳಿದ ಹಾಗೆ" ಅಂದೆ. ಊಟದ ಮನೆಯಲ್ಲಿ ಪಾತ್ರೆ ತೊಳೆಯಲು ಒಂದು ವಾರ ಕಾಯಬೇಕಾಗಲಿಲ್ಲ. ಹೋದ ದಿನವೇ ಕರೆದರು.

ನಾನು ಆ ದಡಕ್ಕೆ ಹೆದರಿಕೊಂಡೇ ಬಂದಿದ್ದೆ. ಅಲ್ಲಿ ಒಬ್ಬ ಕಾವಲಿನವನು, ಒಂದು ಜೀಪು, ಕಪ್ಪೆಗಳ ಸದ್ದು. ಅಷ್ಟೇ. ಆ ಜನರೆಲ್ಲ ಎಲ್ಲಿ ಹೋದರು ಎಂದು ನೀನು ನನ್ನನ್ನು ಕೇಳಿದೆ. ಮನೆಯಲ್ಲಿದ್ದಾರೆ, ಟಿವಿ ನೋಡುತ್ತಿರುತ್ತಾರೆ ಅಂದೆ. ನಮ್ಮಿಬ್ಬರಿಗೂ ನಗು ಬಂತು. ಇಷ್ಟು ನೋವು ಯಾತಕ್ಕಾಗಿ ಆಯಿತೋ ಆ ನೀರು ಅಷ್ಟು ಸುಮ್ಮನಿತ್ತು.

ಒಂದು ಮಾತು ಅವತ್ತು ನಿನಗೆ ಹೇಳಲಿಲ್ಲ. ನೀನು ಮುಂದೆ ನಿಂತು ನೀರು ನೋಡುತ್ತಿದ್ದೆ, ನಾನು ಹಿಂದೆ ಮೋಟಾರಿನ ಹತ್ತಿರ ಕೂತು ದಡ ನೋಡುತ್ತಿದ್ದೆ. ಮೋಟೆಲಿನ ಮುಂದೆ ಹಾಯುವಾಗ ನಾನು ನಿಧಾನ ಮಾಡಿದೆನಲ್ಲ, ಕಲ್ಲಿದೆ ಎಂದು ನೀನು ತಿಳಿದೆ. ಕಲ್ಲಿರಲಿಲ್ಲ. ನಮ್ಮ ದೋಣಿಕಟ್ಟೆಯ ತುದಿಯಲ್ಲಿ ಟ್ರೇಸಿ ನಿಂತಿದ್ದಳು. ನನ್ನಷ್ಟೇ ಎತ್ತರ ಬೆಳೆದಿದ್ದಾಳೆ. ಅಪ್ಪನ ಕೋಟು ಹೊದ್ದುಕೊಂಡಿದ್ದಳು. ಹಿಂದೆ ಮನೆಯ ಬಾಗಿಲು ತೆರೆದೇ ಇತ್ತು, ಒಳಗೆ ದೀಪ ಉರಿಯುತ್ತಿತ್ತು. ಕಾರ್ಲ್ ಬಂದು "ಒಳಗೆ ಬಾ" ಎಂದು ಒಮ್ಮೆ ಕರೆದ. ಅವಳು ಹೋಗಲಿಲ್ಲ. ಅವನೂ ಇನ್ನೊಂದು ಸಲ ಕರೆಯಲಿಲ್ಲ.

ನಾನು ಟಾರ್ಚನ್ನು ನನ್ನ ಮುಖಕ್ಕೆ ತಿರುಗಿಸಿಕೊಂಡೆ, ಯಾರೆಂದು ಅವಳಿಗೆ ಗೊತ್ತಾಗಲಿ ಎಂದು. ಆ ಬೆಳಕಿನಲ್ಲಿ ನನಗೆ ಏನೂ ಕಾಣದ ಹಾಗಾಯಿತು. ಆರಿಸಿ ನೋಡಿದರೆ ಅವಳು ಅಲ್ಲೇ ಇದ್ದಳು. ಕೈ ಬೀಸಲಿಲ್ಲ, ಕೂಗಲಿಲ್ಲ. ನಾವು ದ್ವೀಪದ ಹಿಂದಕ್ಕೆ ತಿರುಗುವವರೆಗೂ ನಿಂತೇ ಇದ್ದಳು.

ಲೋರೇನ್